ಖಾಲಿ ಗುಡ್ಡದಲ್ಲಿ ಏನಿದೆ? – ಫೋಟೋ ಹಿಡಿದು ಸಸ್ಯವರ್ಗ ಗುರುತಿಸುವ ಪಾಠ



ಚಿತ್ರಕಲೆ ಪೀರಿಯಡ್ಡಿನಲ್ಲಿ "ಪ್ರಕೃತಿಯ ಚಿತ್ರ ಬರೀರಿ" ಅಂದರೆ ನಾವೆಲ್ಲ ಏನು ಬರೆಯುತ್ತೇವೆ ಹೇಳಿ? ಎರಡು ಹಸಿರು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ, ಪಕ್ಕಕ್ಕೆ ಒಂದು ತೆಂಗಿನ ಮರ. ಆದರೆ ತಲೆ ಎತ್ತಿ ನೋಡಿದರೆ ಕಾಣುವ ನಮ್ಮ ತೆಕ್ಕಲಕೋಟೆಯ ಕಲ್ಲುಗುಡ್ಡವನ್ನು ಒಬ್ಬರೂ ಬರೆಯುವುದಿಲ್ಲ. ಯಾಕೆ ಅಂತ ಕೇಳಿದರೆ, "ಅದರಾಗ ಏನೈತಿ? ಬರೀ ಕಲ್ಲು, ಮುಳ್ಳು" ಅನ್ನುತ್ತೇವೆ.

ದೊಡ್ಡವರೂ ಹಾಗೇ ಅನ್ನುತ್ತಾರೆ. ಉಳಲು ಬಾರದ ಇಂಥ ನೆಲಕ್ಕೆ ಪಹಣಿಯಲ್ಲಿ "ಖರಾಬು" ಎಂದು ಬರೆದಿರುತ್ತದೆ. ಒಂದು ದಿನ ನಾನು ಪಹಣಿ ಓದಿ ಹೇಳಿದಾಗ ನಮ್ಮ ತಾತ ನಕ್ಕುಬಿಟ್ಟರು. ಅವರು ಚಿಕ್ಕಂದಿನಿಂದ ಕುರಿ ಕಾಯ್ದವರು. "ಖರಾಬು ಆಗಿದ್ರ ಇಷ್ಟು ವರ್ಷ ನನ್ನ ಕುರಿ ಏನು ಮೇದವಪಾ?" ಅಂದರು. ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಖಾಲಿ ಅನ್ನಿಸುವ ನೆಲದ ಮೇಲೂ ಅದರದೇ ಆದ ಸಸ್ಯವರ್ಗ ಇರುತ್ತದೆ. ಅದನ್ನು ಸರಿಯಾಗಿ ಫೋಟೋ ತೆಗೆದು, ಊರು, ದಿನಾಂಕ, ಗಿಡದ ಹೆಸರು ಬರೆದಿಟ್ಟರೆ ಅದೊಂದು ಸಾಕ್ಷಿ. ಆ ಸಾಕ್ಷಿ ಒದಗಿಸಲು ದೊಡ್ಡ ವಿಜ್ಞಾನಿಯೇ ಬೇಕಾಗಿಲ್ಲ, ನಾವೂ ಸಾಕು.

ಸಸ್ಯವರ್ಗ ಎಂದರೇನು?

ಒಂದು ಗಿಡವನ್ನು ನೋಡಿ "ಇದು ತಂಗಡಿ" ಅನ್ನುವುದು ಗಿಡದ ಗುರುತು. ಒಂದು ಜಾಗದಲ್ಲಿ ಯಾವ ಯಾವ ಗಿಡ, ಬಳ್ಳಿ, ಹುಲ್ಲು ಸೇರಿ ಬೆಳೆದಿವೆ, ಎಷ್ಟು ಎತ್ತರ, ಎಷ್ಟು ಒತ್ತು ಎಂದು ಒಟ್ಟಿಗೆ ನೋಡಿದರೆ ಅದು ಸಸ್ಯವರ್ಗ. ಮಳೆ, ಮಣ್ಣು, ಬಿಸಿಲು, ಎತ್ತರ ಈ ನಾಲ್ಕು ಸೇರಿ ಅದನ್ನು ನಿರ್ಧರಿಸುತ್ತವೆ. ಮನುಷ್ಯ ನೆಡದೆ ಆ ನೆಲಕ್ಕೆ ಹೊಂದಿಕೊಂಡು ತಾನಾಗಿ ಬಂದದ್ದು ನೈಸರ್ಗಿಕ ಸಸ್ಯವರ್ಗ.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿ ಆಕಾಶ ಕಾಣದ ಕಾಡು. ನಮ್ಮ ಕಡೆ ಅದರ ಹತ್ತನೇ ಒಂದು ಪಾಲೂ ಮಳೆ ಬೀಳುವುದಿಲ್ಲ. ಇಲ್ಲಿ ಆಗುಂಬೆಯ ಕಾಡು ಇಲ್ಲವಲ್ಲ ಅಂತ ನಮ್ಮ ನೆಲವನ್ನು ಬೈಯುವುದು, ಒಂಟೆಗೆ ಹಾರಲು ಬಾರದು ಅಂತ ಬೈದ ಹಾಗೆ.

ನಮ್ಮ ದೇಶದ ಕಾಡುಗಳನ್ನು ಬಗೆಬಗೆಯಾಗಿ ವಿಂಗಡಿಸುವ ಕೆಲಸ ಬಹಳ ಹಿಂದೆಯೇ ನಡೆದಿದೆ. ಚಾಂಪಿಯನ್ ಎಂಬ ಅರಣ್ಯಾಧಿಕಾರಿ 1936ರಲ್ಲಿ ಒಂದು ಪಟ್ಟಿ ಮಾಡಿದರು. ಅದನ್ನು ಚಾಂಪಿಯನ್ ಮತ್ತು ಸೇಠ್ 1968ರಲ್ಲಿ ಪರಿಷ್ಕರಿಸಿದರು. ಅದರಲ್ಲಿ 16 ದೊಡ್ಡ ಗುಂಪುಗಳಿವೆ. ಅದರ ಆರನೇ ಗುಂಪು ಉಷ್ಣವಲಯದ ಮುಳ್ಳುಕಾಡು. ಅಂದರೆ ನಮ್ಮ "ಬರೀ ಮುಳ್ಳಿ"ಗೂ ಪುಸ್ತಕದಲ್ಲಿ ಒಂದು ಹೆಸರು, ಒಂದು ನಂಬರು ಇದೆ. ಆದರೆ ಆ ಪಟ್ಟಿ ಕಾಡಿನವರು ಕಾಡಿಗಾಗಿ ಮಾಡಿದ್ದು. ಮರ ಕಡಿಮೆ ಇದ್ದ ಹುಲ್ಲುಗಾವಲಿಗೆ ಅದರಲ್ಲಿ ಮೂಲೆಯ ಜಾಗ ಮಾತ್ರ ಸಿಕ್ಕಿತು.

ನಮ್ಮ ಸುತ್ತಲಿನ ನಾಲ್ಕು ಬಗೆ

1. ಕಲ್ಲುಗುಡ್ಡ: ದೊಡ್ಡ ದೊಡ್ಡ ಗ್ರಾನೈಟ್ ಗುಂಡುಗಳು. ಮಣ್ಣು ಬಿರುಕಿನಲ್ಲಿ ಮಾತ್ರ. ಅಲ್ಲಿ ಕಳ್ಳಿ, ಮಂಗರಬಳ್ಳಿ, ಕಲ್ಲಿನ ಸಂದಿಯಲ್ಲಿ ಬೀಸಣಿಗೆಯಂತೆ ಬಿಡಿಸಿಕೊಳ್ಳುವ ಮಯೂರಶಿಖೆ ಎಂಬ ಜರೀಗಿಡ. ಬೇಸಿಗೆಯಲ್ಲಿ ಈ ಜರೀಗಿಡ ಸತ್ತ ಹಾಗೆ ಮುದುಡಿರುತ್ತದೆ. ಒಂದು ಮಳೆ ಬಿದ್ದರೆ ಎದ್ದು ಕೂರುತ್ತದೆ. ಸಂಡೂರು, ದರೋಜಿ ಕಡೆಯ ಕಲ್ಲುಗುಡ್ಡಗಳಲ್ಲಿ ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿ ಇದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಅದು ಬೇರೆಲ್ಲೂ ಇಲ್ಲ. ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಆದದ್ದು ನಿಮಗೆ ಗೊತ್ತಿದೆ. ಕರಡಿಗೆ ಗುಹೆ ಕೊಡುವುದು ಇಂಥ ಗುಂಡುಗಳೇ.

2. ಗುಡ್ಡದ ಬುಡದ ಮುಳ್ಳುಪೊದೆ: ಕಾರೆ, ಕವಳಿ, ಬಾರಿ, ತಂಗಡಿ, ಎಕ್ಕ. ನಡುನಡುವೆ ಹುಲ್ಲು. ಬಾರಿಹಣ್ಣಿಗೆ ಹೋಗಿ ಅಂಗಿ ಹರಿದುಕೊಂಡವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ.

3. ಎರೆನೆಲದ ಹುಲ್ಲು: ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬಿರುಕಿನಲ್ಲಿ ನಮ್ಮ ಕೈ ಇಳಿಯುತ್ತದೆ. ಹೀಗೆ ನೆಲ ಎಳೆದಾಡಿದಾಗ ಮರದ ಸಣ್ಣ ಬೇರುಗಳು ಹರಿಯುತ್ತವೆ. ಆದ್ದರಿಂದ ಎರೆಯಲ್ಲಿ ಮರ ವಿರಳ, ಹುಲ್ಲು ಸಹಜ. ಅಲ್ಲೊಂದು ಕರಿಜಾಲಿ, ಇಲ್ಲೊಂದು ಬನ್ನಿ. ಇದು ಚಿಗರಿ, ತೋಳ, ಗೌಜಲ ಹಕ್ಕಿಗಳ ನೆಲ. ಈಗ ಬಹುಪಾಲು ಹೊಲವಾಗಿದೆ. ಹಳೆಯ ಹುಲ್ಲು ಬದುಗಳಲ್ಲಿ, ಬೀಳು ಬಿಟ್ಟ ತುಂಡುಗಳಲ್ಲಿ ಉಳಿದಿದೆ.

4. ಹೊಳೆ, ಹಳ್ಳದ ದಂಡೆ: ತುಂಗಭದ್ರೆಯ ಅಂಚಿನಲ್ಲಿ ಹೊಳೆಮತ್ತಿ, ಹೊಂಗೆ, ಲಕ್ಕಿ, ಜಂಬು. ಇಲ್ಲಿ ನೀರು ಹತ್ತಿರ ಇರುವುದರಿಂದ ಬೇಸಿಗೆಯಲ್ಲೂ ಹಸಿರು.

ಭತ್ತದ ಗದ್ದೆಯನ್ನು ಯಾಕೆ ಬಿಟ್ಟಿರಿ ಅಂತ ಕೇಳಬಹುದು. ಅದು ನಮ್ಮ ಅನ್ನ, ಆದರೆ ನೈಸರ್ಗಿಕ ಸಸ್ಯವರ್ಗ ಅಲ್ಲ. 1945ರಲ್ಲಿ ಶುರುವಾದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಕಾಲುವೆ ನೀರು ಬಂದ ಮೇಲೆ ಸಿರುಗುಪ್ಪ ತಾಲ್ಲೂಕು ಭತ್ತದ ಕಣಜವಾಯಿತು. ಜೋಳ, ಹತ್ತಿ, ಹುಲ್ಲು ಇದ್ದ ಕಡೆ ನೀರು ನಿಂತಿತು. ಅದು ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಬೇರೆ ಮಾತು. ಮೊದಲು ಏನಿತ್ತು ಎನ್ನುವುದರ ಫೋಟೋ ಮಾತ್ರ ನಮ್ಮ ಹತ್ತಿರ ಇಲ್ಲ.

ಬಳ್ಳಾರಿ ಜಾಲಿ ಬಳ್ಳಾರಿಯದಲ್ಲ!

ಇದು ಬಹಳ ಮುಖ್ಯವಾದ ಮಾತು. ರಸ್ತೆ ಪಕ್ಕ, ಕೆರೆ ಅಂಗಳ, ಕಾಲುವೆ ಏರಿ ಎಲ್ಲ ಕಡೆ ಬೆಳೆದ ಮುಳ್ಳುಮರಕ್ಕೆ ಇಡೀ ಕರ್ನಾಟಕ "ಬಳ್ಳಾರಿ ಜಾಲಿ" ಅನ್ನುತ್ತದೆ. ನಮ್ಮ ಜಿಲ್ಲೆಯ ಹೆಸರು ಹೊತ್ತುಕೊಂಡಿದೆ. ಆದರೆ ಅದರ ಊರು ಮಧ್ಯ ಅಮೆರಿಕ, ದಕ್ಷಿಣ ಅಮೆರಿಕ. 1870ರ ದಶಕದಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ಅರಣ್ಯದವರು ಸೌದೆಗೆ ಆಗಲಿ ಅಂತ ಬೀಜ ತರಿಸಿ ಕಡಪ ಕಡೆ ಹಾಕಿದರು. ಆಗ ಬಳ್ಳಾರಿಯೂ ಅದೇ ಪ್ರಾಂತ್ಯದಲ್ಲಿತ್ತು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು.

ಈ ಮರದ ಕಾಯಿ ಸಿಹಿ. ಆಡು, ಕುರಿ, ದನ ತಿಂದು ಸಗಣಿ ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬೇರು ಬಹಳ ಆಳಕ್ಕೆ ಹೋಗುತ್ತದೆ. ಅದರ ಕೆಳಗೆ ಹುಲ್ಲು ಬೆಳೆಯುವುದು ಕಷ್ಟ. ಬಡವರ ಮನೆಯ ಒಲೆಗೆ ಸೌದೆ, ಇದ್ದಿಲು ಕೊಟ್ಟಿರುವ ಉಪಕಾರವನ್ನು ಮರೆಯಬಾರದು. ಆದರೆ ಅದು ಬಂದ ಕಡೆ ಮೇವು ಹೋಗುತ್ತದೆ ಅನ್ನುವುದು ಕುರಿ ಕಾಯುವವರಿಗೆಲ್ಲ ಗೊತ್ತು.

ತಮಾಷೆ ನೋಡಿ. ದಸರೆಯಲ್ಲಿ ನಾವು ಪೂಜೆ ಮಾಡುವ ಬನ್ನಿಗೂ ಈ ಬಳ್ಳಾರಿ ಜಾಲಿಗೂ ನಂಟಿದೆ. ಎರಡೂ ಒಂದೇ ಕುಲ ಎಂದು ಸಸ್ಯಶಾಸ್ತ್ರದವರು ಬಹುಕಾಲ ಎಣಿಸಿದ್ದರು. ಒಂದು ಈ ಮಣ್ಣಿನದು, ಇನ್ನೊಂದು ಕಡಲಾಚೆಯದು. ನಮ್ಮ ಕುರಿಗಳಲ್ಲಿ ಬಳ್ಳಾರಿ ಎಂಬ ಹೆಸರಿನ ತಳಿಯೇ ಇದೆ. ಆ ಬಳ್ಳಾರಿ ನಿಜವಾಗಿ ನಮ್ಮದು. ಪಾಪಾಸುಕಳ್ಳಿ, ಕತ್ತಾಳೆ, ಲಂಟಾನ, ಕೊನೆಗೆ ನಾವು ಇಷ್ಟಪಟ್ಟು ತಿನ್ನುವ ಸೀತಾಫಲ ಕೂಡ ಅಮೆರಿಕ ಕಡೆಯಿಂದ ಬಂದವೇ. ಆದ್ದರಿಂದ ಫೋಟೋದಲ್ಲಿ "ಹಸಿರು ಇದೆ" ಅಂತ ಬರೆದರೆ ಸಾಲದು. ಯಾವ ಹಸಿರು ಅಂತ ಬರೆಯಬೇಕು.

ಉಪಗ್ರಹಕ್ಕೆ ಏಕೆ ಗೊತ್ತಾಗುವುದಿಲ್ಲ?

"ಮ್ಯಾಲಿಂದ ಉಪಗ್ರಹ ಎಲ್ಲಾ ಫೋಟೋ ತೆಗೀತೈತಿ, ನಾವ್ಯಾಕ ತೆಗೀಬೇಕು?" ಅಂತ ನನ್ನ ಗೆಳೆಯನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಉತ್ತರ ಎರಡು ಭಾಗ.

ಮೊದಲನೆಯದು, ಚೌಕದ ಅಳತೆ. ಉಪಗ್ರಹದ ಚಿತ್ರ ಸಣ್ಣ ಸಣ್ಣ ಚೌಕಗಳಿಂದ ಆಗಿರುತ್ತದೆ. ನಮ್ಮ ದೇಶದ ರಿಸೋರ್ಸ್‌ಸ್ಯಾಟ್ ಉಪಗ್ರಹದ ಒಂದು ಕ್ಯಾಮೆರಾದಲ್ಲಿ ಒಂದು ಚೌಕದ ಬದಿ 23.5 ಮೀಟರ್. ಗುಣಿಸಿ ನೋಡಿ, ಸುಮಾರು 552 ಚದರ ಮೀಟರ್ ಆಗುತ್ತದೆ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಅಂದರೆ ಐದೂವರೆ ಗುಂಟೆಗೆ ಒಂದೇ ಚುಕ್ಕೆ, ಒಂದೇ ಬಣ್ಣ! ಯೂರೋಪಿನವರು 2015ರಿಂದ ಹಾರಿಸಿದ ಸೆಂಟಿನೆಲ್-2 ಉಪಗ್ರಹಗಳಲ್ಲಿ ಚೌಕದ ಬದಿ 10 ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಒಂದು ಗುಂಟೆಯಲ್ಲಿ ನಾಲ್ಕು ಕಾರೆ ಗಿಡ, ಎರಡು ತಂಗಡಿ, ಉಳಿದದ್ದು ಹುಲ್ಲು ಇದ್ದರೆ ಎಲ್ಲ ಕಲಸಿ ಒಂದೇ ಚುಕ್ಕೆಯಾಗುತ್ತದೆ. ಇದಕ್ಕಿಂತ ಸೂಕ್ಷ್ಮವಾಗಿ ನೋಡುವ ಉಪಗ್ರಹಗಳೂ ಇವೆ. ಆದರೆ ಅವೂ ಮೇಲಿನಿಂದಲೇ ನೋಡುತ್ತವೆ, ಪೊದೆಯ ಕೆಳಗೆ ಬಗ್ಗಿ ನೋಡಲಾರವು.

ಎರಡನೆಯದು, ಬೆಳಕಿನ ಲೆಕ್ಕ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಇವೆರಡರ ವ್ಯತ್ಯಾಸ ನೋಡಿ ಉಪಗ್ರಹ "ಇಲ್ಲಿ ಹಸಿರು ಹೆಚ್ಚು, ಇಲ್ಲಿ ಕಡಿಮೆ" ಎಂದು ತಿಳಿಸುತ್ತದೆ. ಈಗ ಮೇ ತಿಂಗಳ ನಮ್ಮ ಗುಡ್ಡವನ್ನು ಯೋಚಿಸಿ. ಹುಲ್ಲು ಒಣಗಿ ಬಂಗಾರದ ಬಣ್ಣ. ಮುಳ್ಳುಪೊದೆಗಳ ಎಲೆ ಬಹುಪಾಲು ಉದುರಿದೆ. ಉಪಗ್ರಹದ ಲೆಕ್ಕದಲ್ಲಿ ಇದು ಬೋಳು. ಆದರೆ ಬಳ್ಳಾರಿ ಜಾಲಿ ಆಗಲೂ ಹಸಿರು. ಲೆಕ್ಕದಲ್ಲಿ ಅದು ಒಳ್ಳೆಯ ಕಾಡು! ಹೊರಗಿನಿಂದ ಬಂದದ್ದು ಪಾಸು, ಊರಿನದು ನಪಾಸು. ಒಣಹುಲ್ಲು ಸತ್ತಿಲ್ಲ, ಬೇರು ಬದುಕಿದೆ, ಜೂನ್ ಮಳೆಗೆ ಏಳುತ್ತದೆ ಅನ್ನುವುದನ್ನು ಒಂದೇ ದಿನದ ಚಿತ್ರ ಹೇಳಲಾರದು.

ವಿಜ್ಞಾನಿಗಳಿಗೆ ಇದು ಗೊತ್ತಿದೆ. ಆದ್ದರಿಂದಲೇ ಅವರು ಬೇರೆ ಬೇರೆ ತಿಂಗಳಿನ ಚಿತ್ರಗಳನ್ನು ಹೋಲಿಸುತ್ತಾರೆ, ನೆಲದ ಮೇಲೆ ನಿಂತು ನೋಡಿದವರ ಸಾಕ್ಷಿ ಹುಡುಕುತ್ತಾರೆ. ಇದನ್ನು ನೆಲಸಾಕ್ಷಿ ಎನ್ನೋಣ. ನೆಲಸಾಕ್ಷಿ ಇಲ್ಲದ ನಕ್ಷೆ ಎಂದರೆ ಉತ್ತರ ತಾಳೆ ನೋಡದೆ ಬಿಟ್ಟ ಲೆಕ್ಕದ ಹಾಗೆ.

"ಬಂಜರು" ಎಂದು ಬರೆದರೆ ಏನಾಗುತ್ತದೆ?

1800ರಲ್ಲಿ ನಿಜಾಮ ಇಂಗ್ಲಿಷರಿಗೆ ಬಿಟ್ಟುಕೊಟ್ಟ ದತ್ತಮಂಡಲದಲ್ಲಿ ನಮ್ಮ ಬಳ್ಳಾರಿ ಸೀಮೆ ಇತ್ತು. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಮುಖ್ಯ ಕಲೆಕ್ಟರ್ ಆಗಿದ್ದು ಹೊಲಹೊಲ ಅಳೆಸಿ ಕಂದಾಯ ಕಟ್ಟಿದರು. ಅಂಥ ಕಂದಾಯದ ಲೆಕ್ಕದಲ್ಲಿ ಬೆಲೆ ಬರುವುದು ಉಳುವ ನೆಲಕ್ಕೆ. ಉಳದ ನೆಲ "ಬಂಜರು", "ಖರಾಬು". ಅದರ ಮೇಲೆ ಏನು ಬೆಳೆದಿದೆ ಎಂದು ಕಂದಾಯದವರು ಕೇಳಲಿಲ್ಲ, ಅದು ಅವರ ಕೆಲಸವೂ ಆಗಿರಲಿಲ್ಲ. ಆದರೆ ಆ ಮಾತು ಇವತ್ತಿಗೂ ಉಳಿದಿದೆ. ಭಾರತದ ಬಂಜರು ಭೂಮಿಯ ಭೂಪಟ ಎಂಬ ಪುಸ್ತಕ 2000ರಲ್ಲಿ ಮೊದಲು ಬಂತು. ಅದರ 2019ರ ಮುದ್ರಣದ ಪ್ರಕಾರ ದೇಶದ ನೂರಕ್ಕೆ ಸುಮಾರು 17 ಪಾಲು ನೆಲ ಬಂಜರು. ಅದರೊಳಗೆ ಕೆಟ್ಟುಹೋದ ನೆಲವೂ ಇದೆ, ಕುರುಚಲು ಪೊದೆಯ ನೆಲವೂ ಇದೆ, ಕಲ್ಲುಗುಡ್ಡವೂ ಇದೆ. ಎಲ್ಲಕ್ಕೂ ಒಂದೇ ಹೆಸರು.

ಎಂ.ಡಿ. ಮಧುಸೂದನ್ ಮತ್ತು ಬೆಂಗಳೂರಿನ ಏಟ್ರೀ ಸಂಸ್ಥೆಯ ಅಬಿ ತಮೀಮ್ ವನಕ್ ಎಂಬ ಇಬ್ಬರು ವಿಜ್ಞಾನಿಗಳು ಉಪಗ್ರಹ ಚಿತ್ರಗಳಿಂದ ಮಳೆ ಕಡಿಮೆ ಇರುವ ಸೀಮೆಗಳ ಹುಲ್ಲುಗಾವಲು, ಕುರುಚಲು, ಬಂಡೆನೆಲಗಳ ನಕ್ಷೆ ತಯಾರಿಸಿದರು. ಇವಕ್ಕೆ ಅವರು ಕೊಟ್ಟ ಹೆಸರು ತೆರೆದ ನೈಸರ್ಗಿಕ ನೆಲೆಗಳು. ಅವರ ಲೆಕ್ಕದಲ್ಲಿ ಇವು ದೇಶದ ಸುಮಾರು ಹತ್ತನೇ ಒಂದು ಪಾಲು. ಆದರೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಬಂದಿರುವುದು ಅದರಲ್ಲಿ ನೂರಕ್ಕೆ ಐದಕ್ಕೂ ಕಡಿಮೆ.

ಹೆಸರು ತಪ್ಪಿದರೆ ಕೆಲಸವೂ ತಪ್ಪುತ್ತದೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಆಯಿತು. ಅದು ಹುಲ್ಲು, ಕುರುಚಲಿನ ನೆಲ. ಆದರೆ ಅದರ ಬಹಳಷ್ಟು ಭಾಗದಲ್ಲಿ ನೀಲಗಿರಿ ನೆಟ್ಟರು. ಮರ ನೆಡುವುದು ಒಳ್ಳೆಯದು ಎಂಬ ಭಾವನೆಯೇ ಇದ್ದಿರಬೇಕು. ಒಂದು ಕಾಲಕ್ಕೆ ಅಲ್ಲಿದ್ದ ಎರ್ಲಡ್ಡು ಹಕ್ಕಿ ಈಗ ಅಲ್ಲಿ ಕಾಣುವುದಿಲ್ಲ.

ಎರ್ಲಡ್ಡು ಅಂದೆನಲ್ಲ, ಅದು ನಮ್ಮ ತಾಲ್ಲೂಕಿನ ಹಕ್ಕಿಯೂ ಹೌದು. ದೊರವಾಯನ ಹಕ್ಕಿ ಎಂದೂ ಅನ್ನುತ್ತಾರೆ. ಗಂಡು 15 ಕಿಲೋವರೆಗೂ ತೂಗುತ್ತದೆ, ಹಾರುವ ಹಕ್ಕಿಗಳಲ್ಲಿ ಬಹಳ ಭಾರವಾದವುಗಳಲ್ಲಿ ಒಂದು. ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಪ್ರಪಂಚದ ಕಾಡುನೆಲದಲ್ಲಿ ಉಳಿದಿರುವುದು 150ಕ್ಕಿಂತ ಹೆಚ್ಚಿಲ್ಲ ಎಂದು ಅಂದಾಜು. ಅದರಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಇದು ಕಾಣಿಸಿಕೊಂಡ ಕೊನೆಯ ಜಾಗಗಳಲ್ಲಿ ಸಿರುಗುಪ್ಪ ತಾಲ್ಲೂಕಿನ ಎರೆಬಯಲೂ ಒಂದು. ಈ ಹಕ್ಕಿಗೆ ಮರ ಬೇಡ, ಬಯಲು ಬೇಕು. ನಾವು "ಖಾಲಿ" ಅನ್ನುವುದೇ ಅದರ ಮನೆ.

ಈ ಹುಲ್ಲು ಯಾರೋ ಕಾಡು ಕಡಿದ ಮೇಲೆ ನಿನ್ನೆ ಮೊನ್ನೆ ಬಂದದ್ದೇ? ಅಲ್ಲ ಅನ್ನಲು ನಮ್ಮ ಜಿಲ್ಲೆಯಲ್ಲೇ ಗುರುತಿದೆ. ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿಯಲ್ಲಿ ಬೂದಿದಿಬ್ಬ ಇದೆ. ಇಂಥ ದಿಬ್ಬಗಳು ದನದ ಸಗಣಿ ರಾಶಿ ಸುಟ್ಟು ಆದವು ಎಂದು ಆಲ್ಚಿನ್ ಎಂಬ ವಿದ್ವಾಂಸರು 1957ರಲ್ಲಿ ಉಟ್ನೂರಿನಲ್ಲಿ ಅಗೆದು ತೋರಿಸಿದರು. ಇವು ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ನವಶಿಲಾಯುಗದ ಕಾಲದವು. ನಮ್ಮ ತೆಕ್ಕಲಕೋಟೆಯ ಗುಡ್ಡದಲ್ಲೇ 1963–64ರ ಸುಮಾರಿನಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ಮಾಡಿದರು. ಸುಮಾರು 3500 ವರ್ಷ ಹಿಂದಿನ ಮನೆಗಳ ನೆಲ, ಕಲ್ಲಿನ ಕೊಡಲಿ, ಸುಟ್ಟ ಹುರುಳಿ ಕಾಳು, ದನ ಕುರಿಗಳ ಎಲುಬು ಸಿಕ್ಕವು. ಆ ಜನ ಅಷ್ಟು ದನ ಕುರಿ ಸಾಕಬೇಕಾದರೆ ಮೇವು ಇರಲೇಬೇಕಲ್ಲ! ತಾತನ ಪ್ರಶ್ನೆಗೆ ಇದೇ ಉತ್ತರ. ಈ ನೆಲ ಬಹಳ ಹಿಂದಿನಿಂದ ಮೇವು ಕೊಡುತ್ತ ಬಂದ ನೆಲ.

ಜನಸಾಮಾನ್ಯರ ವಿಜ್ಞಾನ

ವಿಜ್ಞಾನಿ ಅಲ್ಲದವರು ಸೇರಿ ಮಾಹಿತಿ ಕೂಡಿಸುವುದಕ್ಕೆ ಜನವಿಜ್ಞಾನ ಅನ್ನಬಹುದು. ಕೆಲವು ಉದಾಹರಣೆ:

– ಭಾರತ ಜೀವವೈವಿಧ್ಯ ಜಾಲತಾಣ 2008ರಲ್ಲಿ ಆರಂಭವಾಯಿತು. ಅದೇ ವರ್ಷ ಅಮೆರಿಕದಲ್ಲಿ ಕೆಲವು ವಿದ್ಯಾರ್ಥಿಗಳು ಐನ್ಯಾಚುರಲಿಸ್ಟ್ ಶುರು ಮಾಡಿದರು. ಎರಡರಲ್ಲೂ ಗಿಡ, ಹಕ್ಕಿ, ಹುಳದ ಫೋಟೋ ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ.

– ಸೀಸನ್‌ವಾಚ್ ಎಂಬ ಯೋಜನೆ 2010ರಿಂದ. ಒಂದು ಮರವನ್ನು ಆರಿಸಿಕೊಂಡು ವಾರವಾರ ಚಿಗುರು, ಹೂವು, ಕಾಯಿ ನೋಡಿ ಬರೆಯುವುದು. ಶಾಲಾ ಮಕ್ಕಳೇ ಇದರಲ್ಲಿ ಹೆಚ್ಚು.

– 1996ರಲ್ಲಿ ಶುರುವಾದ ಇನ್ನೊಂದು ಯೋಜನೆ ವಿಚಿತ್ರವಾಗಿದೆ. ಅಕ್ಷಾಂಶ ರೇಖಾಂಶಗಳ ಪೂರ್ಣ ಡಿಗ್ರಿಗಳು ಕೂಡುವ ಜಾಗಕ್ಕೆ ಹೋಗಿ ಸುತ್ತಲಿನ ಫೋಟೋ ತೆಗೆಯುವುದು. ನಮ್ಮೂರು ಸುಮಾರು 15.5 ಡಿಗ್ರಿ ಉತ್ತರ, 76.9 ಡಿಗ್ರಿ ಪೂರ್ವ. ನಮಗೆ ಹತ್ತಿರದ ಕೂಡುಬಿಂದುಗಳು ಎರಡು. 16–77 ರಾಯಚೂರು ಜಿಲ್ಲೆಯ ಮಾನ್ವಿ ಹತ್ತಿರ. 15–77 ಬಳ್ಳಾರಿಯಿಂದ ಆಚೆ, ಆಂಧ್ರದ ಗಡಿ ಕಡೆ. ನಾವು ಇವೆರಡರ ನಡುವೆ ಇದ್ದೇವೆ.

– ಗ್ಲೋಬ್ ಎಂಬ ಶಾಲಾ ಕಾರ್ಯಕ್ರಮ 1995ರಲ್ಲಿ ಆರಂಭವಾಯಿತು. ಭಾರತ 2000ದಲ್ಲಿ ಸೇರಿತು. ಇದರಲ್ಲಿ 2018ರಲ್ಲಿ ನೆಲದ ಹೊದಿಕೆಯ ಫೋಟೋ ತೆಗೆಯುವ ಭಾಗ ಸೇರಿಸಿದರು. ಜನ ತೆಗೆದ ಫೋಟೋವನ್ನು ಉಪಗ್ರಹದ ಚೌಕದ ಪಕ್ಕ ಇಟ್ಟು ತಾಳೆ ನೋಡುವುದು ಇದರ ಉದ್ದೇಶ.

ಗಿಡದ ಫೋಟೋಕ್ಕೂ ನೆಲದ ಫೋಟೋಕ್ಕೂ ವ್ಯತ್ಯಾಸವಿದೆ. ಒಂದು ಹೂವಿನ ಫೋಟೋ "ಇಲ್ಲಿ ತಂಗಡಿ ಇದೆ" ಅನ್ನುತ್ತದೆ. ಇಡೀ ಇಳಿಜಾರಿನ ಫೋಟೋ "ಇಲ್ಲಿ ಎಷ್ಟು ತಂಗಡಿ, ಎಷ್ಟು ಹುಲ್ಲು, ಎಷ್ಟು ಕಲ್ಲು, ಬಳ್ಳಾರಿ ಜಾಲಿ ಎಲ್ಲಿವರೆಗೆ ಬಂದಿದೆ" ಎಂದು ಹೇಳುತ್ತದೆ. ಎರಡೂ ಬೇಕು.

ಆರು ಫೋಟೋ ವಿಧಾನ – ಮಾಡಿ ನೋಡಿ

ಗ್ಲೋಬ್‌ನವರ ಕ್ರಮ ಬಹಳ ಸುಲಭ. ಒಂದೇ ಕಡೆ ನಿಂತು ಆರು ಫೋಟೋ: ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ, ಮೇಲೆ, ಕೆಳಗೆ. ಮೇಲಿನ ಫೋಟೋದಲ್ಲಿ ಮರದ ನೆರಳು ಎಷ್ಟಿದೆ ಎಂದು ತಿಳಿಯುತ್ತದೆ. ಕೆಳಗಿನ ಫೋಟೋದಲ್ಲಿ ಹುಲ್ಲು, ಮಣ್ಣು, ಕಲ್ಲು ಕಾಣುತ್ತವೆ. ನಮ್ಮ ಕಡೆಗೆ ಕೆಳಗಿನ ಫೋಟೋವೇ ಮುಖ್ಯ, ಯಾಕಂದರೆ ನಮ್ಮ ಸಂಪತ್ತು ಕಾಲ ಕೆಳಗೆ ಇದೆ.

ಬೇಕಾದ ಸಾಮಾನು: ಮನೆಯವರ ಮೊಬೈಲು (ಕೇಳಿ ತೆಗೆದುಕೊಂಡದ್ದು), ದಿಕ್ಸೂಚಿ, ಒಂದು ಮೀಟರ್ ಕೋಲು, ನೋಟ್ ಪುಸ್ತಕ, ಪೆನ್ಸಿಲ್.

ಕ್ರಮ:

1. ಮೇಲೆ ಹೇಳಿದ ನಾಲ್ಕು ಬಗೆಯಲ್ಲಿ ಒಂದೊಂದು ಜಾಗ ಆರಿಸಿ. ಬಳ್ಳಾರಿ ಜಾಲಿ ತುಂಬಿದ ಒಂದು ಜಾಗವನ್ನೂ ಸೇರಿಸಿ. ಒಟ್ಟು ಐದು.

2. ಮತ್ತೆ ಗುರುತು ಸಿಗುವಂಥ ಕಡೆ ನಿಲ್ಲಿ. ದೊಡ್ಡ ಗುಂಡು, ಗಡಿಕಲ್ಲು ಹತ್ತಿರ ಇದ್ದರೆ ಒಳ್ಳೆಯದು.

3. ಮೊಬೈಲನ್ನು ಕಣ್ಣಿನ ಎತ್ತರಕ್ಕೆ ಅಡ್ಡಡ್ಡ ಹಿಡಿಯಿರಿ. ಆಕಾಶ ಮೂರನೇ ಒಂದು ಪಾಲು ಸಾಕು. ಝೂಮ್ ಮಾಡಬೇಡಿ, ಬಣ್ಣ ತಿದ್ದಬೇಡಿ. ತಿದ್ದಿದ ಫೋಟೋ ತಿದ್ದಿದ ಮಾರ್ಕ್ಸ್ ಕಾರ್ಡಿನ ಹಾಗೆ, ಯಾರೂ ನಂಬುವುದಿಲ್ಲ.

4. ಹತ್ತು ಹೆಜ್ಜೆ ದೂರದಲ್ಲಿ ಮೀಟರ್ ಕೋಲು ನೆಡಿ. ಗಿಡದ ಎತ್ತರ ಅಂದಾಜಿಗೆ ಸಿಗುತ್ತದೆ.

5. ಜಿ.ಪಿ.ಎಸ್. ಅಂಕಿ ಬರೆಯುವಾಗ ಬಿಂದುವಿನ ನಂತರ ನಾಲ್ಕು ಸ್ಥಾನ ಬರೆಯಿರಿ. ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ಎರಡೇ ಸ್ಥಾನ ಬರೆದರೆ ಒಂದು ಕಿಲೋಮೀಟರಿನಷ್ಟು ಅನುಮಾನ ಉಳಿಯುತ್ತದೆ. ನಾಲ್ಕು ಬರೆದರೆ 11 ಮೀಟರ್, ಅಂದರೆ ಹೆಚ್ಚುಕಡಿಮೆ ಆ ಒಂದು ಗುಂಟೆಯ ಚೌಕ.

6. ಪುಸ್ತಕದಲ್ಲಿ ಬರೆಯಬೇಕಾದದ್ದು: ದಿನಾಂಕ, ಸಮಯ, ಕೊನೆಯ ಮಳೆ ಯಾವಾಗ, ಕಂಡ ಗಿಡಗಳ ನಮ್ಮೂರ ಹೆಸರು, ಮೇಯಿಸುತ್ತಾರಾ, ಕಡಿದಿದ್ದಾರಾ, ಬೆಂಕಿ ಬಿದ್ದಿತ್ತಾ. ಹೆಸರು ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಅಂತಲೇ ಬರೆಯಿರಿ. ಊಹಿಸಿ ಬರೆಯುವುದು ದೊಡ್ಡ ತಪ್ಪು.

7. ಹಿರಿಯರನ್ನು ಕೇಳಿ, "ನೀವು ಸಣ್ಣವರಿದ್ದಾಗ ಇಲ್ಲಿ ಏನಿತ್ತು?" ಅಂತ. ಫೋಟೋ ಇವತ್ತಿನದನ್ನು ಮಾತ್ರ ತೋರಿಸುತ್ತದೆ. ನೆಟ್ಟದ್ದೋ, ತಾನಾಗಿ ಬಂದದ್ದೋ, ಹೊರಗಿನಿಂದ ನುಗ್ಗಿದ್ದೋ ಎಂದು ಹೇಳಲು ನೆನಪೂ ಬೇಕು.

8. ಅದೇ ಜಾಗಕ್ಕೆ ಜನವರಿ, ಮೇ, ಸೆಪ್ಟೆಂಬರ್ ಮೂರು ಸಲ ಹೋಗಿ. ಮೇ ತಿಂಗಳ "ಸತ್ತ" ಹುಲ್ಲು ಸೆಪ್ಟೆಂಬರಿನಲ್ಲಿ ಎದೆಯೆತ್ತರ ನಿಂತಾಗ ಎರಡೂ ಫೋಟೋ ಪಕ್ಕಪಕ್ಕ ಅಂಟಿಸಿ. ಆಮೇಲೆ ಯಾರೂ ಅದನ್ನು ಬೋಳು ಅನ್ನುವುದಿಲ್ಲ.

ಹಳೆಯ ಫೋಟೋದ ಬೆಲೆ

ಇವತ್ತು ತೆಗೆದ ಫೋಟೋಕ್ಕೆ ಇವತ್ತೇ ಬೆಲೆ ಇರಬೇಕೆಂದಿಲ್ಲ. 1856ರಲ್ಲಿ ಗ್ರೀನ್‌ಲಾ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ ನಮ್ಮ ಹಂಪಿಯ ಫೋಟೋಗಳನ್ನು ಮೇಣದ ಕಾಗದದ ನೆಗೆಟಿವ್ ಮೇಲೆ ತೆಗೆದರು. 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕರು ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ನಡುವೆ 127 ವರ್ಷ! ಗ್ರೀನ್‌ಲಾ ತೆಗೆಯಲು ಹೋದದ್ದು ಗುಡಿಗೋಪುರ. ಆದರೆ ಗುಡಿಯ ಹಿಂದಿನ ಗುಂಡುಗಳು, ಪಕ್ಕದ ಗಿಡಗಂಟಿ ತಾವಾಗಿ ಬಂದು ಚಿತ್ರದಲ್ಲಿ ಕೂತವು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ತೆಗೆದರೆ ಕಾಲವೇ ಮಾತಾಡುತ್ತದೆ. ನಮ್ಮ ಐದು ಜಾಗದ ಫೋಟೋಗಳನ್ನು ಶಾಲೆಯಲ್ಲಿ ಇಟ್ಟುಕೊಂಡರೆ, ನಮ್ಮ ನಂತರ ಈ ಬೆಂಚಿನಲ್ಲಿ ಕೂರುವವರು ತಾಳೆ ನೋಡುತ್ತಾರೆ. ಭತ್ತ ಬರುವ ಮೊದಲಿನ ಎರೆಬಯಲಿನ ಫೋಟೋ ನಮಗೆ ಸಿಗಲಿಲ್ಲ. ಅವರಿಗೆ ಆ ಕೊರತೆ ಆಗಬಾರದು.

ಎಚ್ಚರಿಕೆ

– ಒಬ್ಬರೇ ಗುಡ್ಡಕ್ಕೆ ಹೋಗಬೇಡಿ. ಗುರುಗಳು ಅಥವಾ ಮನೆಯ ದೊಡ್ಡವರು ಜೊತೆಗಿರಲಿ. ಬಂಡೆಸಂದಿಗೆ ಕೈ ಹಾಕಬೇಡಿ, ಹಾವು ಚೇಳು ಇರುತ್ತವೆ.
– ಬೇರೆಯವರ ಹೊಲಕ್ಕೆ ಕೇಳದೆ ಕಾಲಿಡಬೇಡಿ. ಜನರ ಮುಖ ಫೋಟೋದಲ್ಲಿ ಬೇಡ.
– ಎರ್ಲಡ್ಡು ಅಥವಾ ಯಾವುದೇ ಹಕ್ಕಿಯ ಗೂಡು ಕಂಡರೆ ದೂರ ಸರಿಯಿರಿ. ಜಾಗವನ್ನು ಎಲ್ಲರಿಗೂ ಸಾರಬೇಡಿ, ಗುರುಗಳಿಗೆ ಮಾತ್ರ ಹೇಳಿ.
– ಗುಡ್ಡದಲ್ಲಿ ಹಳೆಯ ಮಡಕೆ ಚೂರು, ಕಲ್ಲಿನ ಕೊಡಲಿ ಕಂಡರೆ ಕಿತ್ತು ತರಬೇಡಿ. ಇದ್ದಲ್ಲೇ ಫೋಟೋ ತೆಗೆಯಿರಿ.

ನೆನಪಿಡಿ

ಹಸಿರಾಗಿರುವುದೆಲ್ಲ ನೈಸರ್ಗಿಕವಲ್ಲ. ಒಣಗಿರುವುದೆಲ್ಲ ಸತ್ತದ್ದಲ್ಲ. ಮರವಿಲ್ಲದ್ದೆಲ್ಲ ಬಂಜರಲ್ಲ.

ಗಿಡ ನೆಡುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಮನೆಯಂಗಳ, ಶಾಲೆಯ ಬಯಲು, ರಸ್ತೆ ಪಕ್ಕ ನೆಡೋಣ, ಬೇವು ಹೊಂಗೆ ನೆಡೋಣ. ಆದರೆ ಗುಡ್ಡದ ಹುಲ್ಲಿನ ಮೇಲೆ ಗುಂಡಿ ತೋಡುವ ಮೊದಲು ಒಂದು ಸಲ ಕೆಳಗೆ ನೋಡೋಣ. ಅಲ್ಲಿ ಈಗಾಗಲೇ ಯಾರಿದ್ದಾರೆ ಅಂತ.

ಪ್ರಶ್ನೆಗಳು

1. ಬನ್ನಿ ಮತ್ತು ಬಳ್ಳಾರಿ ಜಾಲಿ ಇವುಗಳಲ್ಲಿ ಹೊರದೇಶದ್ದು ಯಾವುದು? ಅದು ಹೇಗೆ ಹರಡುತ್ತದೆ?
2. ಎರೆನೆಲದಲ್ಲಿ ಮರಗಳು ಏಕೆ ವಿರಳ?
3. 30 ಮೀಟರ್ ಬದಿಯ ಚೌಕ ಎಂದರೆ ಸುಮಾರು ಎಷ್ಟು ಗುಂಟೆ? ಲೆಕ್ಕ ಮಾಡಿ.
4. ಮೇ ತಿಂಗಳ ಉಪಗ್ರಹ ಚಿತ್ರದಲ್ಲಿ ನಮ್ಮ ಗುಡ್ಡ ಬೋಳಾಗಿ ಕಾಣಲು ಕಾರಣವೇನು?
5. ನಿಮ್ಮ ಓಣಿಯ ಹಿರಿಯರೊಬ್ಬರನ್ನು ಕೇಳಿ, ಅವರಿಗೆ ಗೊತ್ತಿರುವ ಐದು ಹುಲ್ಲಿನ ಹೆಸರು ಬರೆದು ತನ್ನಿ. (ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ನನಗೆ ಎರಡೇ ಬಂದವು. ಉಳಿದದ್ದನ್ನು ತಾತನ ಬಾಯಿಂದ ಬರೆದುಕೊಳ್ಳುತ್ತಿದ್ದೇನೆ.)

ಉತ್ತರಗಳನ್ನು ಅರ್ಧ ಹಾಳೆಯಲ್ಲಿ ಬರೆದು ಈ ಲೇಖನದ ಕೆಳಗೆ ಗೋಂದು ಹಚ್ಚಿ ಅಂಟಿಸಿ. ತಪ್ಪಿದ್ದರೆ ಗುರುಗಳು ಕೆಂಪು ಮಸಿಯಲ್ಲಿ ತಿದ್ದಲಿ. ನನ್ನ ಲೇಖನದಲ್ಲಿ ಗಿಡದ ಹೆಸರು ತಪ್ಪಿದ್ದರೆ ನೀವೂ ತಿದ್ದಿ. ಮತ್ತೆ ಚಿತ್ರಕಲೆ ಪೀರಿಯಡ್ ಬಂದಾಗ ತೆಂಗಿನ ಮರ ಬರೆಯುವ ಮೊದಲು ಒಂದು ಸಲ ತಲೆ ಎತ್ತಿ ನಮ್ಮ ಗುಡ್ಡ ನೋಡಿ.